ಪೋಲಿಷ್ ವಲಸಿಗರು ಕಟ್ಟಿದ ಹಳೆಯ ಚರ್ಚಿನ ನೆನಪುಗಳನ್ನು ದಾಖಲಿಸುವ ಬಗೆ

ಷಿಕಾಗೊ ನಗರದ ಪಿಲ್ಸೆನ್ ಬಡಾವಣೆಯಲ್ಲಿ 185 ಅಡಿ ಎತ್ತರದ ಜೋಡಿ ಗೋಪುರಗಳಿರುವ ಸೇಂಟ್ ಅಡಾಲ್ಬರ್ಟ್ ಚರ್ಚು 2019ರಲ್ಲಿ ಮುಚ್ಚಿತು. ಪೋಲಿಷ್ ವಲಸಿಗರು ಆ ಧರ್ಮಕೇಂದ್ರವನ್ನು (ಒಂದು ಚರ್ಚಿಗೆ ಸೇರಿದ ಭಕ್ತರ ಸಮುದಾಯ, ಪ್ಯಾರಿಷ್) ಆರಂಭಿಸಿದ್ದು 1874ರಲ್ಲಿ. ಈಗಿರುವ ಕಟ್ಟಡ ಪೂರ್ಣಗೊಂಡದ್ದು 1914ರಲ್ಲಿ. ಡೆಟ್ರಾಯಿಟ್‌ನ ಸೇಂಟ್ ಆಲ್ಬರ್ಟಸ್ ಧರ್ಮಕೇಂದ್ರ 1990ರಲ್ಲಿಯೇ ಮುಚ್ಚಿತ್ತು. ಅದೇ ನಗರದ ಪೋಲ್‌ಟೌನ್ ಬಡಾವಣೆಯಲ್ಲಿದ್ದ ಇಮ್ಯಾಕ್ಯುಲೇಟ್ ಕನ್ಸೆಪ್ಷನ್ ಚರ್ಚನ್ನು ಜನರಲ್ ಮೋಟಾರ್ಸ್ ಕಂಪನಿಯ ಕಾರು ಕಾರ್ಖಾನೆಗೆ ಜಾಗ ತೆರವು ಮಾಡುವ ಸಲುವಾಗಿ 1981ರ ಜುಲೈನಲ್ಲಿ ಕೆಡವಲಾಯಿತು. ಅಮೆರಿಕದ ಕೈಗಾರಿಕಾ ನಗರಗಳಲ್ಲಿ ಇಂಥ ಚರ್ಚುಗಳು ಇನ್ನೂ ಹಲವು ಉಳಿದಿವೆ. ಅವುಗಳ ಒಳಗೆ ಬೆಳೆದವರಲ್ಲಿ ಹೆಚ್ಚಿನವರು ಈಗ ಎಂಬತ್ತು ದಾಟಿದವರು. ಅವರ ನೆನಪುಗಳನ್ನು ಕ್ರಮವಾಗಿ ಕೇಳಿ, ಪರಿಶೀಲಿಸಿ, ಮುಂದಿನವರಿಗೆ ಸಿಗುವಂತೆ ಇಡುವ ವಿಧಾನವನ್ನು ಈ ಬರಹ ವಿವರಿಸುತ್ತದೆ. ಈ ಕೆಲಸ ಪೋಲಿಷರೇ ಮಾಡಬೇಕಾದದ್ದೆಂದೇನೂ ಇಲ್ಲ. ಷಿಕಾಗೊ, ಡೆಟ್ರಾಯಿಟ್, ಕ್ಲೀವ್‌ಲ್ಯಾಂಡ್, ಬಫಲೋ, ಮಿಲ್ವಾಕಿ ನಗರಗಳಲ್ಲಿ ನೆಲೆಸಿರುವ ಕನ್ನಡಿಗರೂ ಸ್ಥಳೀಯ ಇತಿಹಾಸದ ಸಂಘಗಳ ಜೊತೆ ಸೇರಿ ಇದನ್ನು ಮಾಡಬಹುದು. ಹೊರಗಿನವರು ಕೇಳಿದಾಗ, ತಮ್ಮವರಿಗೆ ಹೇಳುವ ಅಗತ್ಯವೇ ಇಲ್ಲವೆಂದು ಬಿಟ್ಟುಬಿಡುವ ಎಷ್ಟೋ ಸಂಗತಿಗಳನ್ನು ಹಿರಿಯರು ಬಿಡಿಸಿ ಹೇಳುತ್ತಾರೆ.

ಮೊದಲಿಗೆ ಒಂದು ನಿಲುವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಹಳೆಯ ಚರ್ಚಿನ ನೆನಪು ಎಂದೊಡನೆ ನಾವು ಭಕ್ತಿ, ಸೌಂದರ್ಯ, ವಿಷಾದಗಳ ಕಡೆಗೆ ಹೊರಳುತ್ತೇವೆ. ಹೇಳುವವರೂ ಅದನ್ನೇ ನಿರೀಕ್ಷಿಸಿ ಎಲ್ಲೋ ಓದಿದ ಮಾತುಗಳನ್ನೇ ಹೇಳುತ್ತಾರೆ. ಆದರೆ ಈ ಕಟ್ಟಡಗಳನ್ನು ಎತ್ತಿ ನಿಲ್ಲಿಸಿದ್ದು ಕಸಾಯಿಖಾನೆ, ಉಕ್ಕಿನ ಕಾರ್ಖಾನೆ ಮತ್ತು ಗಣಿಗಳಲ್ಲಿ ದುಡಿದವರ ಸಂಬಳದ ಚಿಲ್ಲರೆ ಹಣ, ಮತ್ತು ಅವರ ಮನೆಯ ಹೆಂಗಸರ ಲೆಕ್ಕವಿಲ್ಲದ ದುಡಿಮೆ. ಆದ್ದರಿಂದ ಯಾರು ಯಾವ ಕೆಲಸ ಮಾಡಿದರು, ಹಣ ಹೇಗೆ ಬಂತು, ಯಾರು ಗುಡಿಸಿದರು, ಯಾರು ಅಡುಗೆ ಮಾಡಿದರು, ಚಳಿಗಾಲದ ಮುಂಜಾನೆ ಬಾಯ್ಲರಿಗೆ ಕಲ್ಲಿದ್ದಲು ಹಾಕುತ್ತಿದ್ದವರು ಯಾರು ಎಂಬುದನ್ನು ಕೇಳಬೇಕು. ಕೆಲಸದ ಬಗ್ಗೆ ಕೇಳಿದರೆ ಭಾವನೆ ತಾನಾಗಿಯೇ ಬರುತ್ತದೆ. ಭಾವನೆಯ ಬಗ್ಗೆ ಕೇಳಿದರೆ ಕೆಲಸದ ವಿವರ ಬರುವುದೇ ಇಲ್ಲ.

ಕೇಳುವ ಮೊದಲು ತಿಳಿದಿರಬೇಕಾದದ್ದು

ಹಿನ್ನೆಲೆ ತಿಳಿಯದೆ ಹಿರಿಯರ ಮುಂದೆ ಕುಳಿತರೆ ಅವರ ಅರ್ಧ ಮಾತು ನಮ್ಮ ಕಿವಿಗೆ ಬೀಳುವುದಿಲ್ಲ. 1795ರಿಂದ 1918ರವರೆಗೆ ಪೋಲೆಂಡ್ ಎಂಬ ದೇಶ ಭೂಪಟದಲ್ಲಿಯೇ ಇರಲಿಲ್ಲ. ರಷ್ಯಾ, ಪ್ರಷ್ಯಾ ಮತ್ತು ಆಸ್ಟ್ರಿಯಾ ಅದನ್ನು ಹಂಚಿಕೊಂಡಿದ್ದವು. ವಲಸೆಯ ದೊಡ್ಡ ಅಲೆ ಬಂದದ್ದು ಈ ಅವಧಿಯಲ್ಲಿ. ಹೀಗಾಗಿ ಅಮೆರಿಕದ ಜನಗಣತಿಯ ಹಾಳೆಗಳಲ್ಲಿ ಒಂದೇ ಬೀದಿಯ ಮೂವರು ಪೋಲಿಷರ ಹುಟ್ಟಿದ ದೇಶ ಮೂರು ಬಗೆಯಾಗಿ ದಾಖಲಾಗಿರುವುದನ್ನು ಕಾಣಬಹುದು. ಸರ್ಕಾರ, ನ್ಯಾಯಾಲಯ, ಶಾಲೆ ಬಹುಮಟ್ಟಿಗೆ ಪರರ ಕೈಯಲ್ಲಿದ್ದ ಆ ಜನರಿಗೆ ತಮ್ಮದು ಎನ್ನಬಹುದಾದ ಮುಖ್ಯ ಸಂಸ್ಥೆ ಎಂದರೆ ಊರಿನ ಚರ್ಚು. ಹೊಸ ನಾಡಿಗೆ ಬಂದಾಗಲೂ ಅವರು ಮೊದಲು ಕಟ್ಟಿಕೊಂಡದ್ದು ಅದನ್ನೇ. ಟೆಕ್ಸಾಸಿನ ಪನ್ನಾ ಮರಿಯಾದಲ್ಲಿ ಸೈಲೀಶಿಯಾದಿಂದ ಬಂದ ರೈತ ಕುಟುಂಬಗಳು 1854ರ ಕ್ರಿಸ್ಮಸ್ ಹಿಂದಿನ ರಾತ್ರಿ ಲಿಯೊಪೋಲ್ಡ್ ಮೋಚಿಗೆಂಬಾ ಎಂಬ ಫ್ರಾನ್ಸಿಸ್ಕನ್ ಗುರುವಿನ (ಪಾದ್ರಿಯ) ಜೊತೆ ಓಕ್ ಮರದ ಕೆಳಗೆ ಬಲಿಪೂಜೆ, ಅಂದರೆ ಮಾಸ್ ಎಂಬ ಕ್ಯಾಥೊಲಿಕ್ ಆರಾಧನೆ, ನಡೆಸಿದರು. ಮನೆಗಳು ಏಳುವ ಮೊದಲೇ ಧರ್ಮಕೇಂದ್ರ ಶುರುವಾಗಿತ್ತು.

ಷಿಕಾಗೊದಲ್ಲಿ 1867ರಲ್ಲಿ ಆರಂಭವಾದ ಸೇಂಟ್ ಸ್ಟಾನಿಸ್ಲಾಸ್ ಕೋಸ್ಟ್ಕಾ ಧರ್ಮಕೇಂದ್ರ, 1874ರಿಂದ ಕಾಲು ಶತಮಾನ ಅಲ್ಲಿದ್ದ ವಿನ್ಸೆಂಟ್ ಬಾರ್ಜಿನ್ಸ್ಕಿ ಎಂಬ ಗುರುವಿನ ಕಾಲದಲ್ಲಿ ಸುಮಾರು 8,000 ಕುಟುಂಬಗಳಷ್ಟು ಬೆಳೆದು ಅಮೆರಿಕದ ಅತಿ ದೊಡ್ಡ ಧರ್ಮಕೇಂದ್ರಗಳ ಸಾಲಿಗೆ ಸೇರಿತು. ಸುತ್ತಲಿನ ಬಡಾವಣೆಗೆ ಜನರ ಬಾಯಲ್ಲಿ ಸ್ತಾನಿಸ್ವಾವೋವೊ ಎಂದೇ ಹೆಸರಾಯಿತು. ಸೇಂಟ್ ಅಡಾಲ್ಬರ್ಟ್ ಸುತ್ತಲಿನದು ವೊಯ್ಚೆಹೋವೊ. ಹಿರಿಯರು ಇಂದಿಗೂ ರಸ್ತೆಯ ಹೆಸರಿಗಿಂತ ಧರ್ಮಕೇಂದ್ರದ ಹೆಸರಿನಿಂದಲೇ ಊರನ್ನು ಗುರುತಿಸುವುದುಂಟು. ಆದ್ದರಿಂದ ನೀವು ಆರಿಸಿಕೊಂಡ ಚರ್ಚಿನ ಸುತ್ತಮುತ್ತಲಿನ ಇತರ ಪೋಲಿಷ್ ಚರ್ಚುಗಳ ಪಟ್ಟಿಯನ್ನು, ಅವುಗಳ ಪೋಲಿಷ್ ಹೆಸರುಗಳ ಸಮೇತ, ಮೊದಲೇ ಬರೆದಿಟ್ಟುಕೊಳ್ಳಿ.

ಕಾಗದಪತ್ರಗಳನ್ನು ಓದುವುದು

ಸಂದರ್ಶನಕ್ಕೆ ಹೋಗುವ ಮೊದಲು ಕಾಗದಪತ್ರಗಳಿಗೆ ಸಾಕಷ್ಟು ಸಮಯ ಕೊಡಬೇಕು. ಜ್ಞಾನಸ್ನಾನ (ಬ್ಯಾಪ್ಟಿಸಂ), ವಿವಾಹ ಮತ್ತು ಮರಣದ ದಫ್ತರಗಳು ಚರ್ಚಿನಲ್ಲಿಯೇ ಇರಬಹುದು. ಚರ್ಚು ಮುಚ್ಚಿದ್ದರೆ ಅವು ಸಾಮಾನ್ಯವಾಗಿ ಸಮೀಪದ ಧರ್ಮಕೇಂದ್ರಕ್ಕೋ ಧರ್ಮಪ್ರಾಂತ್ಯದ (ಬಿಷಪ್ಪರ ಆಡಳಿತದ ಪ್ರದೇಶದ) ದಾಖಲೆ ಸಂಗ್ರಹಾಲಯಕ್ಕೋ ಹೋಗಿರುತ್ತವೆ. ಷಿಕಾಗೊದ ಹಳೆಯ ದಫ್ತರಗಳ ದೊಡ್ಡ ಭಾಗವನ್ನು ಮೈಕ್ರೋಫಿಲ್ಮ್ ಮಾಡಲಾಗಿದೆ. ಈ ಪುಟಗಳು ಹೆಚ್ಚಾಗಿ ಲ್ಯಾಟಿನ್‌ನಲ್ಲಿ, ಕೆಲವೊಮ್ಮೆ ಪೋಲಿಷ್‌ನಲ್ಲಿ ಇರುತ್ತವೆ. ಓದಲು ಆ ಭಾಷೆಗಳ ಪಾಂಡಿತ್ಯ ಬೇಕಿಲ್ಲ. ತಂದೆ, ತಾಯಿ, ಸಾಕ್ಷಿ, ಊರು, ತಿಂಗಳುಗಳನ್ನು ಸೂಚಿಸುವ ಒಂದೆರಡು ಡಜನ್ ಪದಗಳನ್ನು ಕಲಿತರೆ ಸಾಕು.

ಹೆಸರುಗಳ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಪೋಲಿಷ್‌ನ ವೊಯ್ಚೆಹ್ ಲ್ಯಾಟಿನ್ ದಫ್ತರದಲ್ಲಿ ಅಡಾಲ್ಬೆರ್ಟಸ್ ಆಗುತ್ತಾನೆ, ಕಾರ್ಖಾನೆಯ ಪಟ್ಟಿಯಲ್ಲಿ ಆಲ್ಬರ್ಟ್ ಅಥವಾ ಜಾರ್ಜ್ ಆಗಬಹುದು. ಮೂವರೂ ಒಬ್ಬನೇ ಎಂದು ತೋರಿಸಿಕೊಡುವುದು ಹೆಂಡತಿಯ ಹೆಸರು ಮತ್ತು ಮನೆಯ ವಿಳಾಸ. ಜ್ಞಾನಸ್ನಾನದ ನಮೂದಿನಲ್ಲಿರುವ ಜ್ಞಾನ ತಂದೆತಾಯಿಯರ (ಗಾಡ್‌ಪೇರೆಂಟ್ಸ್) ಹೆಸರುಗಳನ್ನೂ ಬಿಡದೆ ಬರೆದುಕೊಳ್ಳಿ. ಅವರು ಸಾಮಾನ್ಯವಾಗಿ ಹಿಂದಿನ ಊರಿನ ನೆಂಟರು, ನೆರೆಯವರು; ಒಂದೇ ಹಳ್ಳಿಯ ಜನ ಒಂದೇ ಬೀದಿಗೆ ಹೇಗೆ ಬಂದು ಸೇರಿದರೆಂಬುದು ಅವರಿಂದ ತಿಳಿಯುತ್ತದೆ.

ಇಪ್ಪತ್ತೈದು, ಐವತ್ತು, ಎಪ್ಪತ್ತೈದು ವರ್ಷ ತುಂಬಿದಾಗ ಧರ್ಮಕೇಂದ್ರಗಳು ಹೊರತರುತ್ತಿದ್ದ ಜುಬಿಲಿ ಸಂಚಿಕೆಗಳು ಬಹಳ ಉಪಯುಕ್ತವಾದ ಆಕರಗಳು. ಅವುಗಳಲ್ಲಿ ಗುರುಗಳ ಚರಿತ್ರೆಯನ್ನು ಬೇಗ ಓದಿ ಮುಗಿಸಿ, ಸಂಘಗಳ ಪಟ್ಟಿ, ದಾನಿಗಳ ಪಟ್ಟಿ ಮತ್ತು ಕೊನೆಯ ಪುಟಗಳ ಜಾಹೀರಾತುಗಳ ಬಳಿ ನಿಧಾನಿಸಿ. ಕಟುಕನ ಅಂಗಡಿ, ಹೆಣ ಸಾಗಿಸುವವನ ಮಳಿಗೆ, ಬೇಕರಿ, ಛಾಯಾಚಿತ್ರಗಾರನ ಸ್ಟುಡಿಯೊ, ಎಲ್ಲದರ ವಿಳಾಸ ಅಲ್ಲಿರುತ್ತದೆ. ಅದೇ ವಿಳಾಸಗಳನ್ನು ಅಗ್ನಿವಿಮೆಗಾಗಿ ತಯಾರಿಸಿದ ಸ್ಯಾನ್‌ಬರ್ನ್ ನಕ್ಷೆಗಳಲ್ಲಿ ಗುರುತಿಸಿದರೆ, ಆ ಕಾಲದ ಬಡಾವಣೆ ನಿಮ್ಮ ಕಣ್ಣ ಮುಂದೆ ಬರುತ್ತದೆ. ಷಿಕಾಗೊದಲ್ಲಿರುವ ಪೋಲಿಷ್ ಮ್ಯೂಸಿಯಂ ಆಫ್ ಅಮೆರಿಕದ ಗ್ರಂಥಾಲಯವನ್ನೂ ವಿಚಾರಿಸಬೇಕು. ಚರ್ಚಿನ ಒಳಗೆ ಹೋಗಲು ಅನುಮತಿ ಸಿಕ್ಕರೆ ಬಣ್ಣದ ಗಾಜಿನ ಕಿಟಕಿಗಳ ಕೆಳಗಂಚಿನಲ್ಲಿ, ಶಿಲುಬೆಯ ಹಾದಿಯ ಚಿತ್ರಗಳ ಕೆಳಗೆ, ಗಂಟೆಗಳ ಮೇಲೆ ಬರೆದಿರುವ ದಾನಿಗಳ ಹೆಸರುಗಳನ್ನು ಒಂದೊಂದಾಗಿ ಚಿತ್ರ ತೆಗೆದುಕೊಳ್ಳಿ. ಆ ಹೆಸರುಗಳಲ್ಲಿ ವ್ಯಕ್ತಿಗಳಿಗಿಂತ ಜಪಮಾಲೆ ಸಂಘ, ಯುವತಿಯರ ಸಂಘ, ಸಹಾಯನಿಧಿ ಸಂಘಗಳ ಹೆಸರು ಕಂಡರೆ ಅದು ಸಾಮೂಹಿಕ ಹಣವೆಂದು ತಿಳಿಯಬೇಕು. ಪ್ರಶ್ನೆ ಅಲ್ಲಿಂದಲೇ ಹುಟ್ಟುತ್ತದೆ.

ಯಾರನ್ನು ಕೇಳಬೇಕು

ಎಲ್ಲರೂ ಮೊದಲು ಹೆಸರಿಸುವುದು ಗುರುಗಳನ್ನು, ಸಮಿತಿಯ ಅಧ್ಯಕ್ಷರನ್ನು, ಊರಿನ ಇತಿಹಾಸ ಬಲ್ಲವರೆಂದು ಹೆಸರಾದವರನ್ನು. ಅವರನ್ನು ಗೌರವದಿಂದ ಕಾಣಬೇಕು, ಆದರೆ ಅವರಲ್ಲಿಯೇ ನಿಲ್ಲಬಾರದು. ಗಾಯನವೃಂದದಲ್ಲಿ ಹಾಡಿದವರು, ಆರ್ಗನ್ ನುಡಿಸುತ್ತಿದ್ದವರ ಮಕ್ಕಳು, ಬಲಿಪೀಠದ ಬಟ್ಟೆಗಳನ್ನು ಒಗೆದು ಇಸ್ತ್ರಿ ಮಾಡುತ್ತಿದ್ದ ಹೆಂಗಸರು, ಚರ್ಚಿನ ಅಡುಗೆಮನೆಯಲ್ಲಿ ಮಾರಾಟಕ್ಕಾಗಿ ಪಿಯೆರೋಗಿ ಎಂಬ ಹೂರಣದ ಕಡುಬು ಮಾಡುತ್ತಿದ್ದವರು, ಕಟ್ಟಡ ನೋಡಿಕೊಳ್ಳುತ್ತಿದ್ದವರು, ಧರ್ಮಕೇಂದ್ರದ ಶಾಲೆಯಲ್ಲಿ ಕಲಿಸಿದ ಕನ್ಯಾಸ್ತ್ರೀಯರು, ಇವರ ಹೆಸರುಗಳನ್ನು ಕೇಳಿ ಕೇಳಿ ಸಂಗ್ರಹಿಸಬೇಕು. ಕನ್ಯಾಸ್ತ್ರೀಯರ ಸಂಸ್ಥೆಗಳಿಗೆ ತಮ್ಮದೇ ದಾಖಲೆ ಸಂಗ್ರಹಾಲಯಗಳಿರುತ್ತವೆ. 1874ರಲ್ಲಿ ವಿಸ್ಕಾನ್ಸಿನ್‌ಗೆ ಬಂದಿಳಿದ ಫೆಲಿಷಿಯನ್ ಸಹೋದರಿಯರು ಅಸಂಖ್ಯ ಪೋಲಿಷ್ ಮಕ್ಕಳಿಗೆ ಅಕ್ಷರ ಕಲಿಸಿದವರು, ಮತ್ತು ಅವರ ಬಗ್ಗೆ ಬರೆದದ್ದು ಅವರು ಮಾಡಿದ ಕೆಲಸಕ್ಕೆ ಹೋಲಿಸಿದರೆ ತೀರಾ ಕಡಿಮೆ.

ವಲಸೆಯ ಅಲೆಗಳನ್ನು ಬೇರೆ ಬೇರೆಯಾಗಿ ಗಮನಿಸಿ. ಮೊದಲ ಮಹಾಯುದ್ಧಕ್ಕಿಂತ ಮೊದಲು ಬಂದವರ ಮೊಮ್ಮಕ್ಕಳಿಗೆ ಪೋಲಿಷ್ ಎಂದರೆ ಅಜ್ಜಿಯ ಅಡುಗೆಮನೆಯ ಭಾಷೆ. ಎರಡನೆಯ ಮಹಾಯುದ್ಧದ ನಂತರ ನಿರಾಶ್ರಿತರಾಗಿ ಬಂದವರು, 1980ರ ದಶಕದಲ್ಲಿ ಪೋಲೆಂಡಿನ ಕಾರ್ಮಿಕರ ಸಾಲಿಡಾರಿಟಿ ಚಳವಳಿಯ ದಮನದ ಕಾಲದಲ್ಲಿ ಬಂದವರು, ಅದೇ ಚರ್ಚಿನಲ್ಲಿ ಕುಳಿತರೂ ಬೇರೆಯದೇ ಪೋಲೆಂಡನ್ನು ಹೊತ್ತು ತಂದವರು. ನಿರಾಶ್ರಿತರ ಕುಟುಂಬದ ಹಿರಿಯರು ಮಾತಿನ ನಡುವೆ ಕೊಲ್ಹಾಪುರದ ಹೆಸರು ಹೇಳಿದರೆ ಕನ್ನಡಿಗ ಸಂದರ್ಶಕರು ಅಚ್ಚರಿಪಡಬೇಕಿಲ್ಲ. ಸೋವಿಯತ್ ಆಡಳಿತ ಸೈಬೀರಿಯಾ ಮುಂತಾದ ಕಡೆಗೆ ಗಡೀಪಾರು ಮಾಡಿದ ಪೋಲಿಷರಲ್ಲಿ ಸುಮಾರು 5,000 ಮಂದಿ, ಹೆಚ್ಚಾಗಿ ಹೆಂಗಸರು ಮತ್ತು ಮಕ್ಕಳು, ಇರಾನಿನ ಮಾರ್ಗವಾಗಿ ಬಂದು 1943ರಿಂದ 1948ರವರೆಗೆ ಕೊಲ್ಹಾಪುರದ ಬಳಿ, ನಮ್ಮ ಬೆಳಗಾವಿ ಗಡಿಗೆ ಸಮೀಪದ ವಳಿವಡೆ ಶಿಬಿರದಲ್ಲಿದ್ದರು. ಶಿಬಿರ ಮುಚ್ಚಿದ ಮೇಲೆ ಹಲವು ದೇಶಗಳಿಗೆ ಚದುರಿದರು. ಅಂಥವರು ಸಿಕ್ಕರೆ ವಳಿವಡೆಯ ಚರ್ಚಿನ ಬಗ್ಗೆಯೂ ಕೇಳಲು ಮರೆಯಬೇಡಿ.

ಪೋಲಿಷರು ಬಡಾವಣೆ ಬಿಟ್ಟು ಉಪನಗರಗಳಿಗೆ ಹೋದ ಮೇಲೆ ಚರ್ಚನ್ನು ಉಳಿಸಿಕೊಂಡವರ ಕಥೆ ಈ ಚರಿತ್ರೆಯ ಅನುಬಂಧವಲ್ಲ, ಅದರ ಮುಂದಿನ ಅಧ್ಯಾಯ. ಪಿಲ್ಸೆನ್‌ನಲ್ಲಿ ಅವರು ಮೆಕ್ಸಿಕನ್ ಕುಟುಂಬಗಳು. ಸೇಂಟ್ ಅಡಾಲ್ಬರ್ಟ್ ಉಳಿಯಬೇಕೆಂದು ಪೋಲಿಷರ ಜೊತೆ ಮೆಕ್ಸಿಕನ್ನರೂ ಹೋರಾಡಿದರು. ಒಂದೇ ಬಲಿಪೀಠದ ಮುಂದೆ ಪೋಲಿಷರ ಚೆಂಸ್ಟೊಹೋವಾದ ಕಪ್ಪು ಮಾತೆ ಮತ್ತು ಮೆಕ್ಸಿಕನ್ನರ ಗ್ವಾದಲೂಪೆಯ ಮಾತೆ, ಮೇರಿಯ ಈ ಎರಡೂ ರೂಪಗಳಿಗೆ ಹೂ ಇಟ್ಟ ಕಾಲವನ್ನು ಸ್ಪ್ಯಾನಿಷ್ ಮಾತನಾಡುವವರ ಬಾಯಿಂದಲೂ ಕೇಳದಿದ್ದರೆ ನಿಮ್ಮ ದಾಖಲೆ ಅರ್ಧಕ್ಕೆ ನಿಂತಂತೆ.

ಪ್ರಶ್ನೆಗಳು

"ನಿಮ್ಮ ನೆನಪುಗಳನ್ನು ಹೇಳಿ" ಎಂಬ ಪ್ರಶ್ನೆಗೆ ಬರುವ ಉತ್ತರ ಸಾಮಾನ್ಯವಾಗಿ ತೆಳುವಾದದ್ದು. ಅದರ ಬದಲು ಜಾಗವನ್ನು ಹಿಡಿದು ಕೇಳಿ. ಸಾಧ್ಯವಾದರೆ ಚರ್ಚಿನೊಳಗೇ, ಇಲ್ಲದಿದ್ದರೆ ಹಳೆಯ ಛಾಯಾಚಿತ್ರಗಳನ್ನು ಮೇಜಿನ ಮೇಲೆ ಹರಡಿಕೊಂಡು, ಬಾಗಿಲಿನಿಂದ ಆರಂಭಿಸಬೇಕು. ಭಾನುವಾರ ಯಾವ ಬಾಗಿಲಿನಿಂದ ಒಳಗೆ ಬರುತ್ತಿದ್ದಿರಿ, ಯಾರ ಪಕ್ಕ ಕೂರುತ್ತಿದ್ದಿರಿ, ಆ ಬೆಂಚಿಗೆ ವರ್ಷದ ಬಾಡಿಗೆ ಕಟ್ಟಬೇಕಿತ್ತೇ, ಗಂಡಸರು ಹಿಂದೆ ನಿಲ್ಲುತ್ತಿದ್ದರೇ, ಪಾಪನಿವೇದನೆಗೆ ಸಾಲು ಎಲ್ಲಿಯವರೆಗೆ ಇರುತ್ತಿತ್ತು, ಗುರುಗಳು ಯಾವ ಭಾಷೆಯಲ್ಲಿ ಕೇಳುತ್ತಿದ್ದರು ಎಂದು ಹಂತಹಂತವಾಗಿ ಮುಂದುವರಿಯಿರಿ. ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ, 1960ರ ದಶಕದ ನಡುವಿನಿಂದ, ಲ್ಯಾಟಿನ್ ಸರಿದು ಜನಭಾಷೆ ಬಂತು. ಅನೇಕ ಚರ್ಚುಗಳಲ್ಲಿ ಬಲಿಪೀಠದ ಮುಂದಿನ ಕಟಕಟೆಯನ್ನೂ ತೆಗೆದರು. ಪೋಲಿಷ್ ಧರ್ಮಕೇಂದ್ರಗಳಲ್ಲಿ ಯಾವ ಜನಭಾಷೆ ಎಂಬುದೇ ಒಂದು ತಕರಾರಾಗಬಹುದಿತ್ತು. ಯಾವ ಹೊತ್ತಿನ ಬಲಿಪೂಜೆ ಇಂಗ್ಲಿಷಿಗೆ ಬದಲಾಯಿತು, ಯಾರು ಅದಕ್ಕೆ ಬರುವುದನ್ನು ಬಿಟ್ಟರು ಎಂದು ಕೇಳಿ.

ನಂತರ ವರ್ಷದ ಚಕ್ರವನ್ನು ಹಿಡಿದು ಕೇಳಿ. ಕ್ರಿಸ್ಮಸ್ ಹಿಂದಿನ ರಾತ್ರಿಯ ವಿಗೀಲ್ಯಾ ಊಟಕ್ಕೆ ಮುಂಚೆ ಮನೆಯವರೆಲ್ಲ ಮುರಿದು ಹಂಚಿಕೊಳ್ಳುವ ಓಪ್ವಾಟೆಕ್ ಎಂಬ ತೆಳು ರೊಟ್ಟಿಯ ಹಾಳೆ ಚರ್ಚಿನಿಂದ ಮನೆಗೆ ಹೇಗೆ ಬರುತ್ತಿತ್ತು? ಆರ್ಗನ್ ನುಡಿಸುವವರೇ ಮನೆಮನೆಗೆ ತರುತ್ತಿದ್ದರೇ, ಅದಕ್ಕೆ ಎಷ್ಟು ಕಾಣಿಕೆ ಕೊಡುತ್ತಿದ್ದರು? ನಡುರಾತ್ರಿಯ ಪಾಸ್ಟೆರ್ಕಾ ಪೂಜೆಗೆ ಹಿಮದಲ್ಲಿ ನಡೆದು ಹೋಗುತ್ತಿದ್ದರೇ? ಜನವರಿಯಲ್ಲಿ ಗುರುಗಳು ಮನೆಗಳನ್ನು ಆಶೀರ್ವದಿಸಲು ಬಂದಾಗ ಬಾಗಿಲಿನ ಮೇಲೆ ಸೀಮೆಸುಣ್ಣದಲ್ಲಿ ಏನು ಬರೆಯುತ್ತಿದ್ದರು? ತಪಸ್ಸುಕಾಲದ (ಈಸ್ಟರಿಗೆ ಮುಂಚಿನ ವ್ರತದ ವಾರಗಳ) ಗೋಷ್ಕೆ ಝಾಲೆ ಎಂಬ ಶೋಕಪ್ರಾರ್ಥನೆಯನ್ನು ಯಾರು ಮುಂದೆ ನಿಂತು ಹಾಡಿಸುತ್ತಿದ್ದರು? ಪಾಸ್ಖ (ಈಸ್ಟರ್) ಹಬ್ಬದ ಹಿಂದಿನ ಶನಿವಾರ ಮೊಟ್ಟೆ, ಸಾಸೇಜ್, ಬ್ರೆಡ್, ಉಪ್ಪು, ಖಾರದ ಹಾರ್ಸ್‌ರ‍್ಯಾಡಿಷ್ ಬೇರು, ಕುರಿಮರಿಯ ಆಕಾರದ ಬೆಣ್ಣೆ ಇಟ್ಟ ಬುಟ್ಟಿಯನ್ನು ಆಶೀರ್ವಾದಕ್ಕೆ ಒಯ್ಯುವ ಶ್ವಿಯೆಂತ್ಸೋಂಕಾ ಪದ್ಧತಿ ಇಂದಿಗೂ ಎಷ್ಟೋ ಧರ್ಮಕೇಂದ್ರಗಳಲ್ಲಿ ಜೀವಂತವಾಗಿದೆ. ಬುಟ್ಟಿಗೆ ಹೊದಿಸಿದ ಬಟ್ಟೆಯ ಕಸೂತಿ ಯಾರದು ಎಂದು ಕೇಳಿದರೆ ಒಂದು ಮನೆತನದ ಹೆಂಗಸರ ವಂಶಾವಳಿಯೇ ತೆರೆದುಕೊಳ್ಳಬಹುದು.

ಇನ್ನು ಹಣ ಮತ್ತು ದುಡಿಮೆ. ಇದನ್ನು ಕೇಳಲು ನಮಗೆ ಸಂಕೋಚ, ಹೇಳಲು ಅವರಿಗೆ ಹೆಮ್ಮೆ. ಮಿಲ್ವಾಕಿಯ ಸೇಂಟ್ ಜೊಸಾಫಟ್ ಧರ್ಮಕೇಂದ್ರದ ಗುರು ವಿಲ್ಹೆಲ್ಮ್ ಗ್ರುಟ್ಜಾ, ಷಿಕಾಗೊದಲ್ಲಿ ಕೆಡವುತ್ತಿದ್ದ ಅಂಚೆ ಮತ್ತು ಸುಂಕದ ಕಚೇರಿಯ ಸಾಮಗ್ರಿಯನ್ನು 20,000 ಡಾಲರಿಗೆ ಕೊಂಡು, ಸುಮಾರು 500 ರೈಲು ಬಂಡಿಗಳಲ್ಲಿ ಸಾಗಿಸಿ, 1901ರಲ್ಲಿ ಮುಗಿದ ಆ ಬೃಹತ್ ಗುಮ್ಮಟದ ಚರ್ಚನ್ನು ಕಟ್ಟಿಸಿದರು. ಉಳಿತಾಯದ ಲೆಕ್ಕಾಚಾರ ಅದು. ಆದರೂ ಧರ್ಮಕೇಂದ್ರದ ಮೇಲೆ ಭಾರೀ ಸಾಲ ಉಳಿಯಿತು. ಸಾಲದ ಕಥೆ ಎಷ್ಟೋ ಪೋಲಿಷ್ ಚರ್ಚುಗಳಿಗೆ ಇದೆ. ಭಾನುವಾರದ ಲಕೋಟೆಯಲ್ಲಿ ಎಷ್ಟು ಹಾಕುತ್ತಿದ್ದರು, ಯಾರು ಎಷ್ಟು ಕೊಟ್ಟರೆಂಬ ಪಟ್ಟಿಯನ್ನು ಅಚ್ಚು ಹಾಕಿಸುತ್ತಿದ್ದರೇ, ಮುಷ್ಕರದ ತಿಂಗಳುಗಳಲ್ಲಿ ಏನಾಗುತ್ತಿತ್ತು, 1930ರ ದಶಕದ ಆರ್ಥಿಕ ಕುಸಿತದಲ್ಲಿ ಶಾಲೆಯ ಶುಲ್ಕ ಕಟ್ಟಲಾಗದವರ ಮಕ್ಕಳನ್ನು ಹೇಗೆ ನಡೆಸಿಕೊಂಡರು ಎಂಬ ಪ್ರಶ್ನೆಗಳಿಗೆ ಅಪ್ಪ ಅಮ್ಮಂದಿರಿಂದ ಕೇಳಿದ್ದನ್ನಾದರೂ ಹಿರಿಯರು ಹೇಳಬಲ್ಲರು.

ಧ್ವನಿಮುದ್ರಣ

ಫ್ರಿಜ್, ಗೋಡೆ ಗಡಿಯಾರ, ದೂರದರ್ಶನಗಳ ಸದ್ದಿಲ್ಲದ ಕೋಣೆಯನ್ನು ಆರಿಸಿ. ಒತ್ತಿ ಕುಗ್ಗಿಸದ ವೇವ್ (WAV) ಕಡತದಲ್ಲಿ, 24 ಬಿಟ್ ಮತ್ತು 48 ಕಿಲೋಹರ್ಟ್ಸ್‌ನಲ್ಲಿ ಮುದ್ರಿಸಿ; ಎರಡನೆಯ ಸಾಧನವಾಗಿ ಫೋನನ್ನೂ ಓಡಿಸುತ್ತಿರಿ. ಆರಂಭದಲ್ಲಿಯೇ ದಿನಾಂಕ, ಸ್ಥಳ, ಇಬ್ಬರ ಹೆಸರುಗಳನ್ನು ಗಟ್ಟಿಯಾಗಿ ಹೇಳಿ. ಒಂದೂವರೆ ಗಂಟೆ ಮೀರಬೇಡಿ. ಇನ್ನೊಂದು ದಿನ ಮತ್ತೆ ಹೋಗಿ. ಮಾತನಾಡುವವರು ಪೋಲಿಷ್ ಪದ ಬಳಸಿದಾಗ ತಡೆಯದೆ ಬರೆದಿಟ್ಟುಕೊಂಡು, ಕೊನೆಯಲ್ಲಿ ಅವರಿಂದಲೇ ಅದರ ಕಾಗುಣಿತ ಬರೆಸಿಕೊಳ್ಳಿ. ಧ್ವನಿಯನ್ನು ಯಾರು, ಎಲ್ಲಿ, ಹೇಗೆ ಬಳಸಬಹುದೆಂಬ ಲಿಖಿತ ಒಪ್ಪಿಗೆಯನ್ನು ಮಾತಿನ ಮೊದಲೇ ವಿವರಿಸಿ, ಮಾತು ಮುಗಿದ ಮೇಲೆ ಸಹಿ ಪಡೆಯುವುದು ನ್ಯಾಯವಾದ ಕ್ರಮ, ಏಕೆಂದರೆ ತಾವು ಏನನ್ನು ಹೇಳಿದೆವೆಂಬುದು ಆಗ ಮಾತ್ರ ಅವರಿಗೆ ಗೊತ್ತಿರುತ್ತದೆ.

ಜಗಳಗಳನ್ನು ಬಿಡಬೇಡಿ

ಈ ಚರ್ಚುಗಳ ಚರಿತ್ರೆಯಲ್ಲಿ ಜಗಳಕ್ಕೆ ದೊಡ್ಡ ಪಾತ್ರವಿದೆ. ಜನರ ಹಣದಿಂದ ಎದ್ದ ಕಟ್ಟಡದ ಒಡೆತನ ಧರ್ಮಾಧ್ಯಕ್ಷರದೋ (ಬಿಷಪ್ಪರದೋ) ಜನರದೋ ಎಂಬ ಪ್ರಶ್ನೆ ಆರಂಭದಿಂದಲೂ ಇತ್ತು. ಷಿಕಾಗೊದಲ್ಲಿ ಸೇಂಟ್ ಸ್ಟಾನಿಸ್ಲಾಸ್ ಮತ್ತು ಕೂಗಳತೆಯ ಹೋಲಿ ಟ್ರಿನಿಟಿ ಧರ್ಮಕೇಂದ್ರಗಳ ನಡುವಿನ ವೈಮನಸ್ಯ 1873ರಿಂದ ಇಪ್ಪತ್ತು ವರ್ಷ ನಡೆಯಿತು. ಡೆಟ್ರಾಯಿಟ್‌ನಲ್ಲಿ ಸೇಂಟ್ ಆಲ್ಬರ್ಟಸ್‌ನ ಗುರು ಡೊಮಿನಿಕ್ ಕೊಲಸಿನ್ಸ್ಕಿಯನ್ನು 1885ರಲ್ಲಿ ತೆಗೆದುಹಾಕಿದಾಗ ಬೀದಿಯಲ್ಲಿ ಗಲಭೆಗಳಾದವು. ಅವರ ಅನುಯಾಯಿಗಳು ಸ್ವೀಟೆಸ್ಟ್ ಹಾರ್ಟ್ ಆಫ್ ಮೇರಿ ಎಂಬ ಬೇರೆಯದೇ ಚರ್ಚನ್ನು ಕಟ್ಟಿಕೊಂಡರು. ಪೆನ್ಸಿಲ್ವೇನಿಯಾದ ಸ್ಕ್ರಾಂಟನ್‌ನಲ್ಲಿ 1897ರಲ್ಲಿ ಫ್ರಾನ್ಸಿಸೆಕ್ ಹೊಡೂರ್ ನೇತೃತ್ವದಲ್ಲಿ ಆರಂಭವಾದ ಬಿಕ್ಕಟ್ಟು ಪೋಲಿಷ್ ನ್ಯಾಷನಲ್ ಕ್ಯಾಥೊಲಿಕ್ ಚರ್ಚ್ ಎಂಬ ಸ್ವತಂತ್ರ ಪಂಥಕ್ಕೇ ಕಾರಣವಾಯಿತು. ಜುಬಿಲಿ ಸಂಚಿಕೆಗಳು ಇವನ್ನು ಒಂದು ಸಾಲಿನಲ್ಲಿ ದಾಟಿಬಿಡುವುದುಂಟು. ಕುಟುಂಬಗಳ ನೆನಪಿನಲ್ಲಿ ಮಾತ್ರ ಯಾವ ಚಿಕ್ಕಪ್ಪ ಯಾರ ಜೊತೆ ಮಾತು ಬಿಟ್ಟನೆಂಬುದು ಉಳಿದಿರಬಹುದು. ಎರಡೂ ಪಕ್ಷದವರ ಮನೆಗಳಿಗೆ ಹೋಗಿ, ತೀರ್ಪು ಕೊಡದೆ ಕೇಳಿ.

ಮುಚ್ಚುವಿಕೆಯ ನೆನಪು ಇನ್ನೂ ಹಸಿಯಾದದ್ದು. ಕ್ಲೀವ್‌ಲ್ಯಾಂಡ್‌ನ ಸೇಂಟ್ ಕ್ಯಾಸಿಮಿರ್ ಚರ್ಚನ್ನು 2009ರಲ್ಲಿ ಮುಚ್ಚಿದ ಮೇಲೆ ಅದರ ಜನ ಪ್ರತಿ ಭಾನುವಾರ ಬೀಗ ಹಾಕಿದ ಬಾಗಿಲಿನ ಹೊರಗೆ, ಬೀದಿಯಲ್ಲಿ ನಿಂತು ಪ್ರಾರ್ಥಿಸಿದರು. ವ್ಯಾಟಿಕನ್‌ನ ನಿರ್ಧಾರದ ನಂತರ 2012ರಲ್ಲಿ ಚರ್ಚು ಮತ್ತೆ ತೆರೆಯಿತು. ಅಷ್ಟು ಚಳಿಯಲ್ಲಿ ನಿಂತವರ ನಿಷ್ಠೆಯನ್ನು ನೆನೆದರೆ ಮನಸ್ಸು ತುಂಬಿ ಬರುತ್ತದೆ. ಶಾಲೆಯಲ್ಲಿ ತಿಂದ ಏಟು, ಗುರುಗಳಿಂದ ಆದ ದೌರ್ಜನ್ಯಗಳ ಮಾತು ಬಂದರೆ ಆತುರಪಡಬೇಡಿ. ಮುದ್ರಣ ನಿಲ್ಲಿಸಬೇಕೇ ಎಂದು ಕೇಳಿ, ಆ ಭಾಗವನ್ನು ಇಂತಿಷ್ಟು ವರ್ಷ ಮುಚ್ಚಿಡುವ ಆಯ್ಕೆಯನ್ನು ಒಪ್ಪಿಗೆ ಪತ್ರದಲ್ಲಿಯೇ ಇಡಿ.

ಪರಿಶೀಲನೆ ಮತ್ತು ಸಂರಕ್ಷಣೆ

ನೆನಪು ತಪ್ಪಬಹುದು, ಆದರೆ ತಪ್ಪಿದ ನೆನಪನ್ನೂ ಅಳಿಸಬಾರದು. ಮಾತನ್ನು ಆಡಿದಂತೆಯೇ ಬರಹಕ್ಕಿಳಿಸಿ, ದಾಖಲೆಗಳಿಂದ ಸಿಕ್ಕ ವರ್ಷ ಅಥವಾ ಹೆಸರನ್ನು ಅಡಿಟಿಪ್ಪಣಿಯಲ್ಲಿ ಕೊಡಿ. ಸೇಂಟ್ ಸ್ಟಾನಿಸ್ಲಾಸ್ ಕೋಸ್ಟ್ಕಾದ ಮೈಗೆ ತಾಗುವಂತೆ ಹಾದುಹೋಗುವ ಕೆನಡಿ ಹೆದ್ದಾರಿಯ ಮಾರ್ಗವನ್ನು ಚರ್ಚು ಉಳಿಯುವಂತೆ ಸರಿಸಿದ್ದು ನಿಜ. ಅದನ್ನು ಸರಿಸಿದವರು ಯಾರು ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೆಸರು ಹೇಳಬಹುದು. ಹೆದ್ದಾರಿ ಯೋಜನೆಯ ಕಡತ ಮತ್ತು ಆ ವರ್ಷಗಳ ಪತ್ರಿಕೆಗಳು ಒಂದು ಉತ್ತರ ಕೊಡುತ್ತವೆ; ಯಾರನ್ನು ತಮ್ಮ ರಕ್ಷಕರೆಂದು ಜನ ನಂಬಿದರೆಂಬುದಕ್ಕೆ ಉತ್ತರ ನಿಮ್ಮ ಧ್ವನಿಮುದ್ರಣದಲ್ಲಿ ಮಾತ್ರ ಸಿಗುತ್ತದೆ. ಎರಡೂ ಬೇಕು.

ಛಾಯಾಚಿತ್ರಗಳನ್ನು ಮನೆಯಿಂದ ಹೊರಗೆ ಒಯ್ಯದೆ ಅಲ್ಲಿಯೇ ಸ್ಕ್ಯಾನ್ ಮಾಡುವುದು ಒಳ್ಳೆಯದು. ಸಣ್ಣ ಚಿತ್ರಗಳಿಗೆ ಇಂಚಿಗೆ 600 ಚುಕ್ಕೆಗಳ ಸಾಂದ್ರತೆ ಇರಲಿ, ಟಿಫ್ ರೂಪದಲ್ಲಿ ಉಳಿಸಿ, ಹಿಂಬದಿಯನ್ನೂ ಸ್ಕ್ಯಾನ್ ಮಾಡಿ; ಸ್ಟುಡಿಯೊದ ಮುದ್ರೆ ಮತ್ತು ಅಜ್ಜಿಯ ಕೈಬರಹ ಇರುವುದು ಅಲ್ಲಿಯೇ. ಮಕ್ಕಳ ಮೊದಲ ಪರಮಪ್ರಸಾದದ (ಫಸ್ಟ್ ಕಮ್ಯುನಿಯನ್) ಸಮೂಹ ಚಿತ್ರಗಳಲ್ಲಿ ಸಾಲು ಸಾಲಾಗಿ ಎಡದಿಂದ ಬಲಕ್ಕೆ ಹೆಸರುಗಳನ್ನು ಬರೆಸಿಕೊಳ್ಳುವುದನ್ನು ಮುಂದಕ್ಕೆ ಹಾಕಬೇಡಿ, ಏಕೆಂದರೆ ಆ ಮುಖಗಳನ್ನು ಗುರುತಿಸಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ.

ಕಡತಗಳ ಮೂರು ಪ್ರತಿಗಳನ್ನು ಇಡಿ, ಅವುಗಳಲ್ಲಿ ಒಂದು ಬೇರೆ ಊರಿನಲ್ಲಿರಲಿ. ಪ್ರತಿ ಕಡತದ ಹೆಸರಿನಲ್ಲಿ ಧರ್ಮಕೇಂದ್ರ, ಮಾತನಾಡಿದವರು ಮತ್ತು ದಿನಾಂಕ ಇರಲಿ. ಪೋಲಿಷ್ ಹೆಸರುಗಳನ್ನು ಅವುಗಳ ಮೂಲ ಚಿಹ್ನೆಗಳ ಸಮೇತ ಒಮ್ಮೆ, ಅಮೆರಿಕದಲ್ಲಿ ಬದಲಾದ ರೂಪದಲ್ಲಿ ಇನ್ನೊಮ್ಮೆ ಸೂಚಿಯಲ್ಲಿ ಕೊಟ್ಟರೆ ಮುಂದೆ ಹುಡುಕುವವರಿಗೆ ಎರಡು ದಾರಿಯಿಂದಲೂ ಸಿಗುತ್ತದೆ. ಸಂಗ್ರಹವನ್ನು ಚರ್ಚಿನ ಕಚೇರಿಯ ಬೀರುವಿನಲ್ಲಷ್ಟೇ ಬಿಡಬೇಡಿ; ಚರ್ಚು ಮುಚ್ಚಿದ ದಿನ ಆ ಬೀರು ಎಲ್ಲಿಗೆ ಹೋಗುತ್ತದೆಂದು ಯಾರೂ ಹೇಳಲಾರರು. ನಗರದ ಸಾರ್ವಜನಿಕ ಗ್ರಂಥಾಲಯ, ವಿಶ್ವವಿದ್ಯಾಲಯದ ದಾಖಲೆ ಸಂಗ್ರಹಾಲಯ ಅಥವಾ ಪೋಲಿಷ್ ಅಮೆರಿಕನ್ ಸಂಗ್ರಹಾಲಯವೊಂದರ ಜೊತೆ ಲಿಖಿತ ಒಪ್ಪಂದ ಮಾಡಿಕೊಂಡು, ಧ್ವನಿ, ಬರಹ, ಚಿತ್ರ ಮತ್ತು ಒಪ್ಪಿಗೆ ಪತ್ರಗಳನ್ನು ಒಟ್ಟಿಗೆ ಒಪ್ಪಿಸಿ. ಅದಕ್ಕೂ ಮುಂಚೆ, ಮಾತನಾಡಿದ ಪ್ರತಿಯೊಬ್ಬರಿಗೂ ಬರಹದ ಅಚ್ಚಾದ ಪ್ರತಿಯನ್ನು ದೊಡ್ಡ ಅಕ್ಷರಗಳಲ್ಲಿ ಕೊಟ್ಟು, ತಿದ್ದಲು ಒಂದು ತಿಂಗಳ ಅವಕಾಶ ನೀಡಿ. ಅವರು ತಿದ್ದಿದ ಪ್ರತಿಯೂ ಸಂಗ್ರಹಕ್ಕೆ ಸೇರಬೇಕು.